ಇರಕ್ಕನ ಏಳು ಸೆಕೆಂಡು

ಸೋಮವಾರ ಸ್ಟುಡಿಯೊದಿಂದ ಊಟಕ್ಕೆ ಮನೆಗೆ ಹೊರಟಾಗ ಕ್ಯಾಮೆರಾದ ಎಣಿಕೆ ಆರುನೂರ ಹದಿನೆಂಟಕ್ಕೆ ನಿಂತಿತ್ತು. ಅದನ್ನು ಅವಳು ಎಂದಿನಂತೆ ದಪ್ಪ ರಟ್ಟಿನ ಪುಸ್ತಕದಲ್ಲಿ ಕೊನೆಯ ಗಿರಾಕಿಯ ಹೆಸರಿನ ಎದುರಿಗೆ ಬರೆದಿಟ್ಟಿದ್ದಳು. ಊಟ ಮುಗಿಸಿ ಬಂದು, ಬಾಗಿಲಲ್ಲಿ ಕಾಯುತ್ತಿದ್ದ ಬ್ಯಾಂಕಿನ ಗುಮಾಸ್ತನನ್ನು ಸ್ಟೂಲಿನ ಮೇಲೆ ಕೂರಿಸಿ ಪಾಸ್‌ಪೋರ್ಟ್ ಫೋಟೊ ತೆಗೆದಳು. ಕಂಪ್ಯೂಟರಿಗೆ ಹಾಕಿ ನೋಡಿದರೆ ಅದರ ನಂಬರು ಆರುನೂರ ನಲವತ್ತೆಂಟು.

ನಡುವಿನ ಇಪ್ಪತ್ತೊಂಬತ್ತು ಎಲ್ಲಿ ಹೋದವು? ಕಾರ್ಡಿನಲ್ಲಿ ಹುಡುಕಿದಳು, ಇರಲಿಲ್ಲ. ಫೋಟೊ ಅಳಿಸಿದರೂ ಈ ಕ್ಯಾಮೆರಾ ತನ್ನ ಎಣಿಕೆಯನ್ನು ಮರೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅಂದರೆ ಅವಳು ಮನೆಯಲ್ಲಿ ತಟ್ಟೆಯ ಮುಂದೆ ಕೂತಿದ್ದ ಹೊತ್ತಿನಲ್ಲಿ ಯಾರೋ ಇದನ್ನೆತ್ತಿಕೊಂಡು, ಇಪ್ಪತ್ತೊಂಬತ್ತು ಸಲ ಒತ್ತಿ, ಇಪ್ಪತ್ತೊಂಬತ್ತನ್ನೂ ಒರೆಸಿ ಹಾಕಿ, ಏನೂ ಅರಿಯದವರಂತೆ ಇದ್ದ ಜಾಗದಲ್ಲೇ ಇಟ್ಟಿದ್ದಾರೆ.

"ಯಾಕೆ ಮೇಡಂ, ನನ್ನ ಮುಖದಲ್ಲೇನಾದ್ರೂ ತಪ್ಪಿದ್ಯಾ?" ಗುಮಾಸ್ತ ಕೇಳಿದ.

"ನಿಮ್ಮ ಮುಖ ಸರಿಯಾಗೇ ಇದೆ ಸಾರ್," ಎಂದಳು. ಇನ್ನೊಬ್ಬರ ಮುಖ ನೋಡಬೇಕು ಎಂಬ ಮಾತನ್ನು ನುಂಗಿಕೊಂಡಳು.

ಇನ್ನೊಬ್ಬರು ಎಂದರೆ ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ. ಅಂಗಡಿ ಇದ್ದದ್ದು ಒಂದೇ, ಅದಕ್ಕೆ ಷಟರ್ ಒಂದೇ. ನಡುವೆ ಪ್ಲೈವುಡ್ಡಿನ ಗೋಡೆ. ಈಚೆ ಅವಳ ಸ್ಟುಡಿಯೊ, ಆಚೆ ಗಂಡನ ಅಣ್ಣನ ಗಡಿಯಾರ ರಿಪೇರಿ. ಮಾವ ಬಿಟ್ಟುಹೋದ ಅಂಗಡಿಯನ್ನು ಅಣ್ಣತಮ್ಮಂದಿರು ಹೀಗೆ ಸೀಳಿಕೊಂಡಿದ್ದರು, ಕಾಗದ ಮಾತ್ರ ಅಣ್ಣನ ಹೆಸರಿನಲ್ಲಿತ್ತು. ಹಿಂದಿನ ಗೋಡೆಯ ಹತ್ತಿರ ಪ್ಲೈವುಡ್ಡು ಒಂದು ಮೊಳದಷ್ಟು ಕಡಿಮೆ ಬಿದ್ದಿದ್ದರಿಂದ ಅಲ್ಲೊಂದು ಸಂದು ಉಳಿದಿತ್ತು. ಭಾವ ಮಧ್ಯಾಹ್ನ ಮನೆಗೆ ಬರುತ್ತಿರಲಿಲ್ಲ. ಡಬ್ಬಿ ತಂದುಕೊಂಡು, ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿಯನ್ನೂ ತೆಗೆಯದೆ, ಅಲ್ಲೇ ಕೂತು ತಿನ್ನುತ್ತಿದ್ದರು.

ಅನುಮಾನ ಅವಳಿಗೆ ಹೊಸದಲ್ಲ. ಹಾಲಿನವನ ಅಳತೆ, ದರ್ಜಿ ಉಳಿಸಿಕೊಂಡ ತುಂಡುಬಟ್ಟೆ, ತಕ್ಕಡಿಯ ಕೆಳಗಿನ ಆಯಸ್ಕಾಂತ, ಇವೆಲ್ಲ ಅವಳ ಕಣ್ಣಿಗೆ ತಾವಾಗಿಯೇ ಬೀಳುತ್ತಿದ್ದವು. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ, "ಇವಳು ಕನ್ನಡಿ ಮುಂದೆ ನಿಂತ್ರೂ ಒಳಗಿರೋಳು ಯಾರು ಅಂತ ಕೇಳ್ತಾಳೆ," ಎಂದು ನಕ್ಕಿದ್ದರು. ಆದರೆ ಫೋಟೊ ಕೆಲಸಕ್ಕೆ ಆ ಗುಣವೇ ಒದಗಿ ಬಂತು. ಗಂಡ ಅವಳಿಗೆ ಕ್ಯಾಮೆರಾ ಹಿಡಿಯುವುದನ್ನು ಕಲಿಸಿದಾಗ ಅವಳು ಮೊದಲು ಕಲಿತದ್ದೇ ಎದುರಿನ ಮುಖವನ್ನು ನಂಬದಿರುವುದು. ಕಣ್ಣು ತೆರೆದಂತೆ ಕಾಣುತ್ತದೆ, ತೆರೆದಿರುವುದಿಲ್ಲ. ಕಾಲರು ನೆಟ್ಟಗಿದೆ ಎನಿಸುತ್ತದೆ, ಇರುವುದಿಲ್ಲ. "ಮೊದಲ್ನೇ ಫೋಟೊ ಫ್ಲ್ಯಾಶಿಗೆ ಹೋಯ್ತು ಅನ್ಕೋ," ಎನ್ನುತ್ತಿದ್ದ ಗಂಡ. "ಜನ ಬೆಚ್ಚಿ ಕಣ್ಮುಚ್ತಾರೆ. ಮುಗೀತು ಅನ್ಕೊಂಡು ಉಸಿರು ಬಿಡ್ತಾರಲ್ಲ, ತಕ್ಷಣ ಇನ್ನೊಂದು ತೆಗಿ. ಅದೇ ಸರಿಯಾದ್ದು." ಅವನ ಹಳೆಯ ರೀಲಿನ ಕ್ಯಾಮೆರಾದಲ್ಲಿ ಹೆಬ್ಬೆರಳಿನಿಂದ ಲಿವರನ್ನು ಒಮ್ಮೆ ಎಳೆದರೆ ಎರಡನೆಯದಕ್ಕೆ ಸಿದ್ಧ.

ರೀಲಿನ ಕಾಲ ಮುಗಿಯಿತು. ಸ್ಟುಡಿಯೊ ಇಬ್ಬರನ್ನು ಸಾಕುವುದಿಲ್ಲ ಎಂದು ಗಂಡ ದೂರದ ಲಾರಿ ಹಿಡಿದ. ತಿಂಗಳಿಗೆ ಎರಡು ಸಲ ಮನೆಗೆ ಬರುತ್ತಿದ್ದ, ಉಳಿದ ದಿನ ಫೋನಿನಲ್ಲಿ ಸಿಗುತ್ತಿದ್ದ. ಅವಳು ಕೈಗೆಟುಕುವ ಡಿಜಿಟಲ್ ಕ್ಯಾಮೆರಾ ಒಂದನ್ನು ತಂದು ಸ್ಟುಡಿಯೊ ಉಳಿಸಿಕೊಂಡಳು. ಬೆಳ್ಳಿ ಬಣ್ಣದ, ಸಾಬೂನಿನಷ್ಟೇ ದೊಡ್ಡ ಕ್ಯಾಮೆರಾ, ಹೊಟ್ಟೆಯೊಳಗೆ ಚಾರ್ಜ್ ಮಾಡುವ ನಾಲ್ಕು ಸಣ್ಣ ಸೆಲ್ಲು. ಚಿತ್ರವೇನೋ ಚೆನ್ನಾಗಿ ಬರುತ್ತಿತ್ತು. ಆದರೆ ಒಂದು ಸಲ ಒತ್ತಿದರೆ ಪರದೆ ಕಪ್ಪಾಗಿ, ಮರಳುಗಡಿಯಾರದ ಚಿತ್ರ ಮೂಡಿ, ತೆಗೆದ ಫೋಟೊವನ್ನು ತಾನೇ ಒಮ್ಮೆ ಹೊರಳಿಸಿ ನೋಡಿ, ಆಮೇಲೆ ಕಣ್ಣು ತೆರೆಯುತ್ತಿತ್ತು. ಅಷ್ಟರಲ್ಲಿ ಏಳು ಸೆಕೆಂಡು. ಆ ಏಳು ಸೆಕೆಂಡಿನಲ್ಲಿ ಎದುರಿಗೆ ಕೂತವರು ಉಸಿರು ಬಿಟ್ಟು, ಮೂಗು ಒರೆಸಿಕೊಂಡು, ಮನೆಯ ತಾಪತ್ರಯ ನೆನೆದು, ಬೇರೆ ಮನುಷ್ಯರೇ ಆಗಿಬಿಡುತ್ತಿದ್ದರು.

"ಇರು, ಇರು. ಅಲ್ಲಾಡ್ಬೇಡ, ಇರು," ಎನ್ನುವುದು ಅವಳ ಉಸಿರಿನಷ್ಟೇ ಅಭ್ಯಾಸವಾಯಿತು. ಶಾಲೆಯ ಮಕ್ಕಳು ಅವಳಿಗೆ ಇರಕ್ಕ ಎಂದು ಹೆಸರಿಟ್ಟರು. ಹೆಸರು ಗೇಟು ದಾಟಿ ಬೀದಿಗೆ ಬಂತು, ಅಂಚೆಯವನ ಬಾಯಿಗೂ ಹತ್ತಿತು.

ಆ ಶಾಲೆಯೇ ಅವಳ ಸ್ಟುಡಿಯೊದ ಉಸಿರು. ಹದಿನೈದು ತರಗತಿ, ಆರುನೂರು ಮಕ್ಕಳು, ವರ್ಷಕ್ಕೊಮ್ಮೆ ಎಲ್ಲರ ಗುರುತಿನ ಚೀಟಿಗೂ ಫೋಟೊ. ಹೋದ ವರ್ಷ ಮಧ್ಯಾಹ್ನದ ಗಂಟೆ ಹೊಡೆದಾಗ ಅವಳ ಮುಂದೆ ಇನ್ನೂ ಆರು ತರಗತಿಗಳ ಸಾಲು ನಿಂತಿತ್ತು. ಬಿಸಿಲಿಗೆ ಒಂದು ಮಗು ತಲೆ ತಿರುಗಿ ಕೂತುಬಿಟ್ಟಿತು. ಮಕ್ಕಳೂ ಮೇಷ್ಟ್ರುಗಳೂ ದೊಡ್ಡ ಮೇಡಂ ಎಂದು ಕರೆಯುವ ಮುಖ್ಯೋಪಾಧ್ಯಾಯಿನಿ, "ಮುಂದಿನ ವರ್ಷ ಗಂಟೆ ಹೊಡೆಯೋದ್ರೊಳಗೆ ಮುಗಿಸ್ಬೇಕು. ಇಲ್ಲಾಂದ್ರೆ ನಾನು ಬೇರೆಯವರನ್ನ ನೋಡ್ಕೋತೀನಿ," ಎಂದಿದ್ದರು. ಬೇರೆಯವರು ಯಾರೆಂದು ಕೇಳಬೇಕಿರಲಿಲ್ಲ. ದೊಡ್ಡ ರಸ್ತೆಯ ಸ್ಟುಡಿಯೊದವನು ಕೊರಳಿಗೆ ಎರಡು ಕ್ಯಾಮೆರಾ ನೇತು ಹಾಕಿಕೊಂಡೇ ತಿರುಗುತ್ತಿದ್ದ. ಅವಳು ಅವನನ್ನು ಕರೆಯುತ್ತಿದ್ದದ್ದು ಜೋಡಿ ಕ್ಯಾಮೆರಾ ಎಂದೇ.

ಅದೇ ವಾರ ಭಾವ ಪ್ಲೈವುಡ್ಡಿನ ಆಚೆಯಿಂದ, "ಅದು ನಿಧಾನ ಆಗ್ತಿದೆಯಲ್ಲಮ್ಮಾ, ಯಾಕೆ ಅಂತ ನೋಡಿದ್ಯಾ?" ಎಂದು ಕೇಳಿದ್ದರು.

"ಇದು ಗಡಿಯಾರ ಅಲ್ಲ ಭಾವ," ಎಂದುಬಿಟ್ಟಿದ್ದಳು ಅವಳು. ಶಾಲೆಯ ಸಿಟ್ಟು ಅಲ್ಲಿ ಸಿಡಿದಿತ್ತು. ಅವರು ಮತ್ತೆ ಆ ವಿಷಯ ಎತ್ತಲಿಲ್ಲ.

ಈ ವರ್ಷ ಶಾಲೆಯ ದಿನ ಗೊತ್ತಾದಾಗ ಎತ್ತಿದ್ದು ಬೇರೆಯೇ ಮಾತು. ಅತ್ತೆ ಬಡಿಸುತ್ತಿದ್ದರು. ಭಾವ ತಟ್ಟೆಯಿಂದ ಕಣ್ಣೆತ್ತದೆ, "ಸ್ಕೂಲ್ ಕೆಲಸ ಹೋದ್ರೆ ಅಂಗಡೀನ ಎರಡು ಭಾಗ ಇಟ್ಕೊಂಡು ಪ್ರಯೋಜನ ಇಲ್ಲ. ಬಾಡಿಗೆಗೆ ಕೊಡೋ ಯೋಚ್ನೆ ಮಾಡ್ಬೇಕಾಗುತ್ತೆ," ಎಂದರು. ಯಾವ ಭಾಗ ಎಂದು ಅವರು ಹೇಳಲಿಲ್ಲ. ಅವಳು ಕೇಳಲೂ ಇಲ್ಲ. ಮರುವಾರ ಮೊಬೈಲ್ ಮಾರುವವನೊಬ್ಬ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಅಳತೆ ಟೇಪನ್ನು ಸುತ್ತಿಕೊಳ್ಳುತ್ತಿದ್ದುದನ್ನು ನೋಡಿದಳು.

"ಏನು ಭಾವ, ಅವನು?"

"ಸುಮ್ನೆ ಬಂದಿದ್ದ."

ಯಾರೂ ಸುಮ್ಮನೆ ಟೇಪು ಹಿಡಿದುಕೊಂಡು ಬರುವುದಿಲ್ಲ.

ಹಾಗಾಗಿ ಶಾಲೆಗೆ ಇನ್ನೊಂದೇ ವಾರ ಇರುವಾಗ ಇಪ್ಪತ್ತೊಂಬತ್ತು ಫೋಟೊ ಮಾಯವಾದದ್ದು ಅವಳಿಗೆ ಸಣ್ಣ ಸಂಗತಿಯಾಗಿ ಕಾಣಲಿಲ್ಲ. ಮಂಗಳವಾರ ಊಟದಿಂದ ಬಂದಾಗ ಮತ್ತೆ ಮೂವತ್ತನಾಲ್ಕು ಕಾಣೆಯಾಗಿದ್ದವು. ಅಂದು ಸಂಜೆ ಒಂದು ಕುಟುಂಬದ ಫೋಟೊ ತೆಗೆಯುವಾಗ ಏಳು ಸೆಕೆಂಡು ಒಂಬತ್ತಾಯಿತು, ಒಂಬತ್ತು ಹನ್ನೊಂದಾಯಿತು, ಆಮೇಲೆ ಫ್ಲ್ಯಾಶ್ ಕೆಂಪು ದೀಪ ಮಿಣುಕಿಸಿ ಮುಷ್ಕರ ಹೂಡಿತು. ಬೆಳಿಗ್ಗೆಯಷ್ಟೇ ಪೂರ್ತಿ ಚಾರ್ಜ್ ಮಾಡಿದ ಸೆಲ್ಲು. ಕೂತಿದ್ದ ಅಜ್ಜಿ, "ಏನವ್ವಾ, ನನ್ನ ಆಯಸ್ಸು ಮುಗಿಯೋದ್ರೊಳಗೆ ತೆಗೀತೀಯಾ?" ಎಂದು ಕೇಳಿದಳು. ಎಲ್ಲರೂ ನಕ್ಕರು. ಅವಳೊಬ್ಬಳು ನಗಲಿಲ್ಲ. ಯಾರೋ ಬೇಕೆಂದೇ ಸೆಲ್ಲನ್ನು ಹಿಂಡುತ್ತಿದ್ದಾರೆ.

ಬುಧವಾರ ಬಲೆ ಹೂಡಿದಳು. ಗಿರಾಕಿಗಳಿಗೆಂದು ಕನ್ನಡಿಯ ಕೆಳಗೆ ಇಟ್ಟಿದ್ದ ಪೌಡರಿನ ಡಬ್ಬಿಯಿಂದ ಚಿಟಿಕೆಯಷ್ಟು ತೆಗೆದು ಕ್ಯಾಮೆರಾದ ಮೇಲೆ ಮಂಜಿನಂತೆ ಊದಿದಳು. ಸೆಲ್ಲಿನ ಮುಚ್ಚಳಕ್ಕೆ ಅಡ್ಡಲಾಗಿ ತನ್ನದೇ ಒಂದು ಕೂದಲನ್ನು ಅಂಟಿಸಿದಳು. ಮನೆಯಲ್ಲಿ ಅನ್ನವನ್ನು ಕಲಸುತ್ತಲೇ ಕೂತಳು.

"ಯಾಕೆ, ಉಪ್ಪು ಹೆಚ್ಚಾಯ್ತಾ?" ಅತ್ತೆ ಕೇಳಿದರು.

"ಇಲ್ಲ ಅತ್ತೆ. ಭಾವ ಮಧ್ಯಾಹ್ನ ಅಂಗಡೀಲಿ ಏನ್ಮಾಡ್ತಾರೆ?"

"ಇನ್ನೇನ್ಮಾಡ್ತಾನೆ? ಸಣ್ಣವನಿದ್ದಾಗಿಂದ ಅವನದ್ದು ಒಂದೇ ಕೆಲಸ. ಏನಾದ್ರೂ ಬಿಚ್ಚೋದು, ಕಿವಿ ಇಟ್ಟು ಕೇಳೋದು. ನನ್ನ ಹೊಲಿಗೆ ಮಿಷನ್ ಬಿಚ್ಚಿ ಮೂರು ದಿನ ಬಾಯಿ ಬಿಟ್ಟಿರ್ಲಿಲ್ಲ, ಕಳ್ಳ."

ಕಳ್ಳ ಎಂಬ ಮಾತು ಅತ್ತೆಯ ಬಾಯಲ್ಲಿ ಮುದ್ದಾಗಿತ್ತು. ಅವಳ ಕಿವಿಯಲ್ಲಿ ಹಾಗೆ ಬೀಳಲಿಲ್ಲ.

ಹಿಂದಿರುಗಿದಾಗ ಕೂದಲು ಇರಲಿಲ್ಲ. ಪೌಡರಿನ ಮೇಲೆ ಎರಡು ಬೆರಳಿನ ಗುರುತು ಸ್ಪಷ್ಟವಾಗಿ ಮೂಡಿತ್ತು. ಸಂದಿನಿಂದ ಇಣುಕಿದಳು. ಭಾವ ಬೆನ್ನು ಬಾಗಿಸಿ ಹೆಂಗಸರ ಕೈಗಡಿಯಾರವೊಂದನ್ನು ಬಿಚ್ಚುತ್ತಿದ್ದರು. ಅವರ ಕಪ್ಪು ಪ್ಯಾಂಟಿನ ಮಂಡಿಯ ಮೇಲೆ ಬೆಳ್ಳಗೆ ಎರಡು ಗೆರೆ. ಬಾಯಿಗೆ ಬಂದದ್ದನ್ನು ತಡೆದುಕೊಂಡಳು. ಈಗ ಕೇಳಿದರೆ ಸುಮ್ಮನೆ ಎನ್ನುತ್ತಾರೆ. ಮೇಜಿನ ಖಾನೆ ಎಳೆದು ಕ್ಯಾಮೆರಾದ ಜತೆ ಬಂದಿದ್ದ ಕೈಪಿಡಿಯನ್ನು ಹುಡುಕಿದಳು. ಇರುವೆಯಂಥ ಅಕ್ಷರದ ಆ ಪುಸ್ತಕವನ್ನು ಅವಳು ಎರಡು ಪುಟ ಓದಿ ಕೈಬಿಟ್ಟಿದ್ದಳು. ಈಗ ಅದೂ ಇರಲಿಲ್ಲ.

ಅಂದು ಸಂಜೆ ಭಾವ ಬಚ್ಚಲಿಗೆ ಹೋದ ಎರಡು ನಿಮಿಷದಲ್ಲಿ ಅವಳು ಸಂದಿನಿಂದಲೇ ಕೈ ನೀಡಿ ಅವರ ಮೇಜಿನ ಮೇಲಿನ ನೋಟುಬುಕ್ಕನ್ನು ತಿರುವಿದಳು. ರಿಪೇರಿಗೆ ಬಂದ ಪ್ರತಿ ಗಡಿಯಾರವನ್ನೂ ಮೂರು ದಿನ ಇಟ್ಟುಕೊಂಡು, ಎಷ್ಟು ಮುಂದೆ ಎಷ್ಟು ಹಿಂದೆ ಎಂದು ಅದರಲ್ಲಿ ಬರೆಯುವುದು ಅವರ ಪದ್ಧತಿ. ಮೂರು ದಿನ ಮುಗಿಯುವ ತನಕ ಅದರ ಬಗ್ಗೆ ಗಿರಾಕಿಗೆ ಒಂದು ಮಾತನ್ನೂ ಹೇಳುತ್ತಿರಲಿಲ್ಲ. ಕೊನೆಯ ಪುಟದಲ್ಲಿ ಗಡಿಯಾರದ ಹೆಸರಿರಲಿಲ್ಲ. ಬರೀ ಅಂಕಿ. ಏಳು, ಏಳು, ಎಂಟು, ಏಳು. ಕೆಳಗೆ ಗೆರೆ ಎಳೆದು ಮತ್ತೆ, ಎಂಟು, ಏಳು.

ಅವಳ ಸ್ಟುಡಿಯೊದ ಅಗಲ ಏಳು ಅಡಿ, ಉದ್ದ ಎಂಟು.

ರಾತ್ರಿ ಗಂಡ ಫೋನು ಮಾಡಿದಾಗ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು.

"ಅಣ್ಣ ಹಾಗೆಲ್ಲ ಮಾಡೋನಲ್ಲ ಕಣೇ."

"ನಿಮ್ಮಣ್ಣ. ನೀವು ಹಾಗೇ ಹೇಳ್ಬೇಕು."

"ಸರಿ, ನೇರ ಕೇಳ್ಬಿಡು ಹಾಗಾದ್ರೆ."

"ಕೇಳಿದ್ರೆ ನಿಜ ಹೇಳ್ತಾರಾ?"

"ನೀನು ಕೇಳೋ ರೀತೀಲಿ ಕೇಳಿದ್ರೆ ನಾನೂ ಹೇಳಲ್ಲ," ಎಂದು ಅವನು ನಕ್ಕ. ಹಿಂದಿನಿಂದ ಯಾವುದೋ ಲಾರಿ ಹಾರ್ನು ಹೊಡೆಯಿತು, ಮಾತು ಅಲ್ಲಿಗೇ ನಿಂತಿತು.

ಗುರುವಾರ ಊಟಕ್ಕೆಂದು ಹೊರಟವಳು ಮನೆಗೆ ಹೋಗದೆ ಎದುರು ಸಾಲಿನ ಇಸ್ತ್ರಿ ಅಂಗಡಿಯೊಳಗೆ ಸೇರಿಕೊಂಡಳು. ತೂಗುಹಾಕಿದ ಅಂಗಿಗಳ ನಡುವೆ ತನ್ನ ಅಂಗಡಿಯ ಒಳಗು ಚೆನ್ನಾಗಿ ಕಾಣುತ್ತಿತ್ತು.

"ಏನಕ್ಕಾ ಇದು, ನಿಮ್ಮ ಅಂಗಡೀನ ನೀವೇ ಕದ್ದು ನೋಡ್ತಿದ್ದೀರಾ?" ಇಸ್ತ್ರಿಯಾಕೆ ಕೇಳಿದಳು.

"ಮೆಲ್ಲಗೆ ಮಾತಾಡು."

"ನಾನು ಮೆಲ್ಲಗೆ ಮಾತಾಡ್ತೀನಿ. ಆದ್ರೆ ಆ ಅಂಗಿ ಹಿಡ್ಕೊಂಡು ನಿಲ್ಬೇಡಿ, ಅದು ವಕೀಲರದ್ದು, ಮುದುರುತ್ತೆ."

ಅಷ್ಟರಲ್ಲಿ ಭಾವ ಸಂದಿನಿಂದ ಈಚೆ ಬಂದರು. ಮೇಜಿನ ಮೇಲಿದ್ದ ಕ್ಯಾಮೆರಾವನ್ನು ಎರಡು ಕೈಯಲ್ಲೂ, ಹಕ್ಕಿಮರಿಯನ್ನು ಎತ್ತುವಂತೆ ಎತ್ತಿಕೊಂಡರು. ಆಚೆ ಹೋಗಿ, ತಮ್ಮ ದೊಡ್ಡ ಗೋಡೆ ಗಡಿಯಾರದ ಕಡೆ ಹಿಡಿದು ಒತ್ತಿದರು. ಬೆಳಕು ಚಿಮ್ಮಿತು. ಅವರ ತುಟಿ ಅಲುಗಾಡುತ್ತಿತ್ತು. ಮತ್ತೆ ಬೆಳಕು. ಮತ್ತೆ ತುಟಿ. ಬಗ್ಗಿ ಏನೋ ಬರೆದುಕೊಂಡರು, ಮತ್ತೆ ಬೆಳಕು. ಯಾವ ಗಿರಾಕಿಯೂ ಇಲ್ಲ, ಯಾವ ಮುಖವೂ ಇಲ್ಲ. ಬರೀ ಗೋಡೆಗೆ ಹೊಡೆದು ಸೆಲ್ಲಿನ ಜೀವ ತೆಗೆಯುತ್ತಿದ್ದಾರೆ. ಕಣ್ಣಾರೆ ಕಂಡ ಮೇಲೆ ಇನ್ನೇನು ಉಳಿಯಿತು? ಸಿಟ್ಟು ಬರುತ್ತದೆ ಎಂದುಕೊಂಡಿದ್ದಳು. ಬರಲಿಲ್ಲ. ಹತ್ತು ವರ್ಷ ಒಂದೇ ಸೂರಿನಡಿ ಉಂಡವರು.

"ಸಾಹೇಬ್ರು ಗಡಿಯಾರದ ಫೋಟೊ ಯಾಕೆ ತೆಗೀತಿದ್ದಾರೆ?" ಇಸ್ತ್ರಿಯಾಕೆ ಕೇಳಿದಳು. "ಅದಕ್ಕೂ ಪಾಸ್‌ಪೋರ್ಟ್ ಬೇಕಾ?"

ಅವಳು ವಕೀಲರ ಅಂಗಿಯನ್ನು ಬಿಟ್ಟು ಬೀದಿಗಿಳಿದಳು.

ಆವತ್ತಿನಿಂದ ಕ್ಯಾಮೆರಾ ಊಟಕ್ಕೂ ಅವಳ ಜತೆಯೇ ಹೋಯಿತು, ರಾತ್ರಿ ಅವಳ ತಲೆದಿಂಬಿನ ಪಕ್ಕದಲ್ಲೇ ಮಲಗಿತು. ಶುಕ್ರವಾರ ಮಧ್ಯಾಹ್ನ ಭಾವ ಸಂದಿನಲ್ಲಿ ಮುಖ ತೋರಿಸಿ, "ಕ್ಯಾಮೆರಾ ಇಲ್ಲೇ ಇಟ್ಟು ಹೋಗಲ್ವಾ?" ಎಂದು ಕೇಳಿದರು.

"ಇಲ್ಲ. ಯಾಕೆ, ನಿಮಗೇನಾದ್ರೂ ಬೇಕಿತ್ತಾ?"

"ಇಲ್ಲ ಇಲ್ಲ. ಸುಮ್ನೆ."

ಶನಿವಾರವೂ ಹಾಗೇ ಬಂದು ನಿಂತು, ಏನೋ ಹೇಳಲು ಬಾಯಿ ತೆರೆದು, ಭೂತಗನ್ನಡಿಯನ್ನು ಹಣೆಗೇರಿಸಿಕೊಂಡು ಹಿಂದಿರುಗಿದರು. ಸಿಕ್ಕಿಬಿದ್ದ ಕಳ್ಳ ಹೀಗೇ ಚಡಪಡಿಸುತ್ತಾನೆ ಎಂದುಕೊಂಡಳು.

ಸೋಮವಾರ ಬೆಳಿಗ್ಗೆ ಅಂಗಡಿಗೆ ಓಡಿ ಬಾಚಣಿಗೆ, ಪೌಡರು, ಬಿಳಿ ಪರದೆ, ಇಡೀ ರಾತ್ರಿ ಅಲ್ಲೇ ಚಾರ್ಜಿಗೆ ಹಾಕಿದ್ದ ಸೆಲ್ಲಿನ ಡಬ್ಬಿ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡಳು. ಭಾವ ಆಗಲೇ ಬಂದು ಕೂತಿದ್ದರು. ಇಷ್ಟು ಬೇಗ ಎಂದೂ ಬರುವವರಲ್ಲ. ಕ್ಯಾಮೆರಾದಲ್ಲಿ ಸೆಲ್ಲಿದೆ, ಡಬ್ಬಿಯದು ಬದಲಿಗೆ. ತೆರೆದು ನೋಡಲು ಸಮಯವಿರಲಿಲ್ಲ.

"ಡಬ್ಬಿ ತಗೊಂಡ್ಯಾ?" ಅವರು ಕೇಳಿದರು.

"ಹೂಂ."

"ಸೆಲ್ ಹಾಕೋ ಮುಂಚೆ ನೋಡು."

ನೋಡದೆ ಹಾಕುವವಳು ನಾನಲ್ಲ ಎಂದುಕೊಂಡು ಮೆಟ್ಟಿಲಿಳಿದಳು.

ಶಾಲೆಯಲ್ಲಿ ಹೋದ ವರ್ಷದಂತೆ ಚಿತ್ರಕಲೆಯ ಕೋಣೆಯಲ್ಲೇ ಪರದೆ ಕಟ್ಟಿದಳು. ಹತ್ತಕ್ಕೆ ಸರಿಯಾಗಿ ಆಟದ ಮೇಷ್ಟ್ರು ಸೀಟಿ ಊದಿ ಮೊದಲ ತರಗತಿಯನ್ನು ಸಾಲಾಗಿ ನಿಲ್ಲಿಸಿದರು. ಕಿಟಕಿಯಾಚೆ, ದೊಡ್ಡ ಮೇಡಂ ಕೋಣೆಯ ಎದುರಿನ ಬೆಂಚಿನ ಮೇಲೆ ಜೋಡಿ ಕ್ಯಾಮೆರಾ ಕೂತಿದ್ದ. ಕಾಲ ಮೇಲೆ ಕಾಲು, ಹೊಟ್ಟೆಯ ಮೇಲೆ ಎರಡು ಕ್ಯಾಮೆರಾ.

"ಅವರು ಯಾಕೆ ಸಾರ್ ಬಂದಿರೋದು?"

"ಮೇಡಂ ಕರೆಸಿದ್ದಾರೆ. ನಿಮಗೆ ಆಗ್ದೇ ಇದ್ರೆ ಉಳಿದದ್ದು ಅವರು," ಎಂದರು ಮೇಷ್ಟ್ರು, ಅವಳ ಮುಖ ನೋಡದೆ.

ಮಗು ಕೂತಿತು. ಬೆಳಕು. ಕಣ್ಣು ಮುಚ್ಚಿತು. "ಇರು, ಇರು." ಒಂದು, ಎರಡು, ಮೂರು ಎಂದು ಸಾಲಿನಲ್ಲಿದ್ದ ಮಕ್ಕಳು ರಾಗವಾಗಿ ಎಣಿಸತೊಡಗಿದರು. ಏಳಕ್ಕೆ ಪರದೆ ಕಣ್ಣು ಬಿಟ್ಟಿತು. ಅಷ್ಟರಲ್ಲಿ ಮಗು ಹಿಂದೆ ತಿರುಗಿ ಗೆಳತಿಗೆ ನಾಲಿಗೆ ಚಾಚಿತ್ತು. ಇನ್ನೊಮ್ಮೆ. ಮತ್ತೆ ಏಳು. ಮೊದಲ ತರಗತಿ ಮುಗಿದಾಗ ಹತ್ತೂ ಇಪ್ಪತ್ತು. ಹದಿನೈದು ತರಗತಿಗೆ ಇಪ್ಪತ್ತು ನಿಮಿಷದಂತೆ ಐದು ಗಂಟೆ. ಇರುವುದು ಮೂರು, ಅದರಲ್ಲೂ ಇಪ್ಪತ್ತು ನಿಮಿಷ ಹೋಯಿತು. ಎರಡನೆಯ ತರಗತಿಯ ನಾಲ್ಕನೆಯ ಮಗುವಿಗೆ ಏಳು ಎಂಟಾಯಿತು. ಬೆಂಚಿನ ಮೇಲಿದ್ದವನು ಎದ್ದು, ಒಂದು ಕ್ಯಾಮೆರಾದ ಗಾಜನ್ನು ಕರ್ಚೀಫಿನಿಂದ ಒರೆಸತೊಡಗಿದ.

ಸೆಲ್ಲು ಬದಲಿಸಲೆಂದು ಡಬ್ಬಿ ತೆರೆದಳು. ಒಳಗಿದ್ದದ್ದು ಅವಳ ಹಳೆಯ ಹಸಿರು ಸೆಲ್ಲಲ್ಲ. ಹೊಚ್ಚ ಹೊಸ ನಾಲ್ಕು. ಅವುಗಳ ಸುತ್ತ ನೋಟುಬುಕ್ಕಿನಿಂದ ಹರಿದ ಹಾಳೆ, ಗಡಿಯಾರದವರ ಸಣ್ಣ ದುಂಡು ಅಕ್ಷರ.

"ಕಣ್ಣು ಕೆಂಪಗೆ ಬೀಳೋದನ್ನ ತಪ್ಪಿಸೋ ದೀಪ, ಫ್ಲ್ಯಾಶ್ ಎರಡೂ ಇದ್ರೆ ೭. ಫ್ಲ್ಯಾಶ್ ಮಾತ್ರ ಇದ್ರೆ ೫. ತೆಗೆದದ್ದನ್ನ ತಾನೇ ತೋರಿಸೋದು ನಿಲ್ಸಿದ್ರೆ ೪. ಚಿತ್ರದ ಅಳತೆ ಚಿಕ್ಕದು ಮಾಡಿದ್ರೆ ೩, ಗುರುತಿನ ಚೀಟಿಗೆ ಅಷ್ಟು ಸಾಕು. ಫ್ಲ್ಯಾಶ್ ಇಲ್ದೆ ೨ ಆಗ್ಬೇಕು, ಅದನ್ನ ನೋಡೋಕೆ ಆಗ್ಲಿಲ್ಲ. ಒಳಗೆ ತೆಗೀಬೇಡ, ಪಡಸಾಲೆಗೆ ಹೋಗು." ಕೆಳಗೆ ಯಾವ ಗುಂಡಿ ಎಷ್ಟು ಸಲ ಒತ್ತಬೇಕೆಂಬ ಪಟ್ಟಿ.

ಅವಳು ಎರಡು ಸಲ ಓದಿದಳು. ಗೋಡೆ ಗಡಿಯಾರ, ಅಲುಗುವ ತುಟಿ, ಏಳು, ಏಳು, ಎಂಟು, ಏಳು, ಎಲ್ಲವೂ ಒಂದು ಕ್ಷಣ ಸರಿಯಾದ ಜಾಗಕ್ಕೆ ಬಂದು ಕೂತಂತಾಯಿತು. ಆದರೆ ಅನುಮಾನ ಅಷ್ಟು ಬೇಗ ಜಾಗ ಬಿಡುವುದಿಲ್ಲ. ಫ್ಲ್ಯಾಶ್ ಇಲ್ಲದೆ ತೆಗೆದು ಉಳಿದ ಅಷ್ಟೂ ಮುಖ ಕಪ್ಪಾಗಿ ಬಂದರೆ? ಆಮೇಲೆ ಇನ್ನೊಂದು ಸಲ ತೆಗೆಯಲು ಯಾರು ಬಿಡುತ್ತಾರೆ? ಅಂಗಡಿಗೆ ಬಾಡಿಗೆದಾರನನ್ನು ಹುಡುಕಿಕೊಂಡವರು ಹೇಳಿದ ದಾರಿ ಇದು. ಹಿಡಿದರೆ ಪೂರ್ತಿ ಹಿಡಿಯಬೇಕು, ಬಿಟ್ಟರೆ ಐದು ಗಂಟೆ ಗ್ಯಾರಂಟಿ.

"ಮೇಡಂ, ನಿಲ್ಸಿದ್ದು ಯಾಕೆ?" ಆಟದ ಮೇಷ್ಟ್ರು ಸೀಟಿಯನ್ನು ಬಾಯಿಂದ ತೆಗೆದರು.

"ಪಡಸಾಲೆಗೆ ಹೋಗೋಣ ಸಾರ್. ಪರದೆ ಬಿಚ್ಚಿ."

"ಈಗ್ಲಾ?"

"ಈಗ್ಲೇ."

ಪಡಸಾಲೆಯಲ್ಲಿ ಬೆಳಗಿನ ಬೆಳಕು ಗೋಡೆಗೆ ತಾಗಿ ಹಾಲಿನಂತೆ ಹರಡಿತ್ತು. ಹಾಳೆಯನ್ನು ಮಂಡಿಯ ಮೇಲಿಟ್ಟುಕೊಂಡು ಗುಂಡಿ ಒತ್ತಿದಳು, ಹೊಸ ಸೆಲ್ಲು ಹಾಕಿದಳು. ಎದುರಿಗೆ ಕೂತದ್ದು ಹಲ್ಲು ಬಿದ್ದ ಹುಡುಗಿ. ಒತ್ತಿದಳು. ಬೆಳಕು ಚಿಮ್ಮಲಿಲ್ಲ, ಆದ್ದರಿಂದ ಹುಡುಗಿ ಬೆಚ್ಚಲಿಲ್ಲ, ಕಣ್ಣೂ ಮುಚ್ಚಲಿಲ್ಲ. ಮಕ್ಕಳು ಎಣಿಸತೊಡಗಿದರು, "ಒಂದು, ಎರಡು..." ಮೂರು ಎನ್ನುವಷ್ಟರಲ್ಲಿ ಅವಳು ಎರಡನೆಯದನ್ನು ಒತ್ತಿ ಮುಗಿಸಿದ್ದಳು. ಆ ಒಂದನ್ನು ಮಾತ್ರ ತೆರೆದು, ಸೆರಗು ಮರೆ ಮಾಡಿ, ದೊಡ್ಡದು ಮಾಡಿ ನೋಡಿದಳು. ಕಪ್ಪಾಗಿರಲಿಲ್ಲ, ಅದುರಿರಲಿಲ್ಲ. ರೆಪ್ಪೆ ಎಣಿಸುವ ಹಾಗಿತ್ತು.

"ಮುಂದಿನವರು," ಎಂದಳು.

ಹತ್ತನೆಯ ತರಗತಿ ದಾಟಿದಾಗ ಸಾಲಿನಲ್ಲಿದ್ದ ಒಬ್ಬಳು ಪೋರಿ ಮುಖ ಸಪ್ಪೆ ಮಾಡಿಕೊಂಡು, "ಇರಕ್ಕ, ಇವತ್ತು ಇರು ಅನ್ನಲ್ವಾ?" ಎಂದು ಕೇಳಿದಳು. ಬೆಂಚಿನ ಮೇಲಿದ್ದವನು ಯಾವಾಗಲೋ ಎದ್ದು ಹೋಗಿದ್ದ. ಗಂಟೆ ಹೊಡೆಯಲು ಹತ್ತು ನಿಮಿಷ ಇರುವಾಗ ಕೊನೆಯ ಮಗು ಸ್ಟೂಲಿನಿಂದ ಇಳಿಯಿತು. ದೊಡ್ಡ ಮೇಡಂ ಬಾಗಿಲಿಗೆ ಬಂದು ಕೈಗಡಿಯಾರ ನೋಡಿಕೊಂಡು, "ಹೊಸ ಕ್ಯಾಮೆರಾನಾ?" ಎಂದರು.

"ಇಲ್ಲ ಮೇಡಂ. ಅದೇ."

"ಮುಂದಿನ ವರ್ಷಕ್ಕೂ ನೀವೇ ಬನ್ನಿ."

ಅಂಗಡಿಗೆ ಬಂದವಳು ತನ್ನ ಕಡೆಗೆ ಹೋಗಲಿಲ್ಲ. ಮೊದಲ ಸಲ ಭಾವನ ಬಾಗಿಲಲ್ಲಿ ನಿಂತಳು. ಇಷ್ಟು ವರ್ಷ ಸಂದಿನಿಂದ ನೋಡಿದ್ದಷ್ಟೇ. ಹತ್ತಿಪ್ಪತ್ತು ಗಡಿಯಾರ ತೂಗುಹಾಕುವ ಕೊಕ್ಕೆಗಳಲ್ಲಿ ಈಗ ತೂಗುತ್ತಿದ್ದದ್ದು ಮೂರು. ಕೈಪಿಡಿ ಮೇಜಿನ ಮೇಲೇ ಇತ್ತು, ಪುಟಪುಟಕ್ಕೂ ದಾರದ ಗುರುತು.

"ಎಷ್ಟು ಬಂತು?" ಭಾವ ಕೇಳಿದರು. ಮುಗಿಯಿತೇ ಎಂದಲ್ಲ.

"ಎರಡು."

ಅವರು ತಲೆಯಾಡಿಸಿ ನೋಟುಬುಕ್ಕು ತೆಗೆದು ಬರೆದುಕೊಂಡರು.

"ನನಗೆ ಹೇಳ್ಬಹುದಿತ್ತಲ್ಲ ಭಾವ."

"ಮೂರು ದಿನ ನೋಡ್ದೆ ಹೇಗೆ ಹೇಳೋದು? ಅದೂ ಗಡಿಯಾರ ಅಲ್ಲ ಅಂತ ನೀನೇ ಹೇಳಿದ್ದೆ. ತಪ್ಪಾದ್ರೆ?"

"ನೀವು ಮಧ್ಯಾಹ್ನ ಮೂವತ್ತು ಸಲ ಒತ್ತಿ ಇಡ್ತಿದ್ರಿ, ಸಂಜೆ ನನಗೆ ಹನ್ನೊಂದು ಸೆಕೆಂಡಾಗ್ತಿತ್ತು. ಸೆಲ್ ಸತ್ತಿರ್ತಿತ್ತು."

ಭಾವ ಭೂತಗನ್ನಡಿ ತೆಗೆದರು. ಅವರ ಬರಿಗಣ್ಣನ್ನು ಇಷ್ಟು ಹತ್ತಿರದಿಂದ ಅವಳು ನೋಡಿದ್ದೇ ಇಲ್ಲ.

"ಹೌದಲ್ಲ," ಎಂದರು ಮೆಲ್ಲಗೆ. "ಗಡಿಯಾರನ ಎಷ್ಟು ಸಲ ನೋಡಿದ್ರೂ ಅದಕ್ಕೆ ಆಯಾಸ ಆಗಲ್ಲ ನೋಡು. ಅದೇ ಲೆಕ್ಕದಲ್ಲಿದ್ದೆ. ನಡುನಡುವೆ ಎಂಟು ಬಂದಾಗ್ಲೂ ಹೊಳೀಲಿಲ್ಲ. ಶನಿವಾರ ರಾತ್ರಿ ಹೊಳೀತು, ಅದಕ್ಕೇ ಹೊಸ ಸೆಲ್ ತಂದೆ."

ಅವಳ ಕಣ್ಣು ನೆಲದ ಮೇಲಿತ್ತು. ಅಲ್ಲಿ ಸೀಮೆಸುಣ್ಣದ ಗುರುತುಗಳಿದ್ದವು. ಮೊಬೈಲಿನವನು ಅಳೆದ ಗೆರೆ ಬಾಗಿಲಿಂದ ಶುರುವಾಗಿ ಪ್ಲೈವುಡ್ಡಿಗೆ ಬಂದು ನಿಂತಿತ್ತು. ಪ್ಲೈವುಡ್ಡಿನ ಈ ಕಡೆಗೆ, ಭಾವನ ಕಡೆಗೆ.

"ಅವನು ಅಳೆದದ್ದು ನಿಮ್ಮ ಭಾಗನಾ?"

"ಮತ್ತಿನ್ಯಾವುದು? ಗಡಿಯಾರ ಯಾರು ತರ್ತಾರೆ ಈಗ. ನಿನ್ನ ಕಡೆ ಒಂದು ಸ್ಟೂಲ್ ಹಾಕೋಷ್ಟು ಜಾಗ ಇದ್ರೆ ನನಗೆ ಸಾಕು."

"ಸ್ಕೂಲ್ ಕೆಲಸ ಹೋಗಿದ್ರೆ?"

ಭಾವ ನೋಟುಬುಕ್ಕು ಮುಚ್ಚಿದರು. "ಹೋಗಿದ್ರೆ ಎರಡೂ ಕೊಡ್ತಿದ್ದೆ. ಸುಳ್ಳು ಯಾಕೆ ಹೇಳ್ಲಿ."

ಅನುಮಾನದಲ್ಲಿ ಅಷ್ಟಾದರೂ ನಿಜವಿತ್ತು ಎಂಬುದು ಅವಳಿಗೆ ಯಾಕೋ ಸಮಾಧಾನ ತಂದಿತು. ತನ್ನ ಕಡೆಗೆ ಹೋಗಿ, ಕನ್ನಡಿಯನ್ನೂ ಪೌಡರಿನ ಕಪಾಟನ್ನೂ ಎರಡಡಿ ಈಚೆ ಎಳೆದಳು. ಬೆಳಕು ಬೀಳುವ ಮೂಲೆ ಖಾಲಿಯಾಯಿತು. ಪೌಡರಿನ ಬಗ್ಗೆ, ಕೂದಲಿನ ಬಗ್ಗೆ, ವಕೀಲರ ಅಂಗಿಯ ಬಗ್ಗೆ ಅವಳು ಎಂದೂ ಹೇಳಲಿಲ್ಲ.

ಮರುದಿನ ಊಟಕ್ಕೆ ಹೊರಟಾಗ ಕ್ಯಾಮೆರಾವನ್ನು ಮೇಜಿನ ಮೇಲೇ ಬಿಟ್ಟಳು. ನಂಬರು ಮಾತ್ರ ಪುಸ್ತಕದಲ್ಲಿ ಬರೆದೇ ಹೋದಳು. ಬಂದು ನೋಡಿದರೆ ಮೂರು ಹೆಚ್ಚಾಗಿತ್ತು. ಈ ಸಲ ಅಳಿಸಿರಲಿಲ್ಲ. ಮೂರೂ ಗೋಡೆ ಗಡಿಯಾರದ ಚಿತ್ರ, ಫ್ಲ್ಯಾಶ್ ಇಲ್ಲದ್ದು, ಗಾಜಿನಲ್ಲಿ ಬೀದಿಯ ಬಿಸಿಲು. ಗಿರಾಕಿಯ ಹೆಸರಿನ ಜಾಗದಲ್ಲಿ ಭಾವ ಎಂದು ಬರೆದಳು. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿಕೊಂಡು, ಒಂದೊಂದನ್ನೇ ದೊಡ್ಡದು ಮಾಡಿ, ಸೆಕೆಂಡಿನ ಮುಳ್ಳು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಉಗುರಿನಿಂದ ಗೆರೆ ಗೆರೆಯಾಗಿ ತಾನೇ ಎಣಿಸಿದಳು.